ಹುಮ್ಮಸ್ಸು ಕಡಿಮೆ

ಹಿಲ್ಕಾ ಲೆಪಿಸ್ತೊ ಮೊದಲ ದಿನ ಆಡಿದ ಮೊದಲ ಮಾತು ಇದು. “ಆಗಲ್ಲ.”

ತೈನಾ ಮಂಚದ ಪಕ್ಕ ವಾಕರ್ ಹಿಡಿದು ನಿಂತಿದ್ದಳು. ಹೌಕಿನಿಯೆಮಿ ಊರಿನ ಆಸ್ಪತ್ರೆಯ ಆ ವಾರ್ಡಿನಲ್ಲಿ ಬಿದ್ದು ಮೂಳೆ ಮುರಿದುಕೊಂಡವರನ್ನು ಎಬ್ಬಿಸಿ ನಡೆಸುವುದು ಹದಿನಾರು ವರ್ಷದಿಂದ ಅವಳ ಕೆಲಸ. ಆ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದಳು. ಮೈಯಲ್ಲಿ ಕಸುವಿಲ್ಲದವರೂ ಆಗಲ್ಲ ಎನ್ನುತ್ತಾರೆ, ಮನಸ್ಸಿಲ್ಲದವರೂ ಆಗಲ್ಲ ಎನ್ನುತ್ತಾರೆ. ಯಾವುದು ಯಾವುದೆಂದು ತನ್ನ ಕಿವಿಗೆ ಗೊತ್ತಾಗುತ್ತದೆ ಎಂದು ತೈನಾ ನಂಬಿದ್ದಳು. ಮುಂದೆ ನಡೆದದ್ದಕ್ಕೆಲ್ಲ ಆ ನಂಬಿಕೆಯೇ ಮೂಲ.

“ಆಗುತ್ತೆ, ಆಗುತ್ತೆ,” ಎಂದಳು. ಅಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಹಿಮದ ಮೇಲೆ ಜಾರುವ ಪಂದ್ಯದಲ್ಲಿ ದಾರಿಬದಿ ನಿಂತವರೂ ಅದನ್ನೇ ಕೂಗುತ್ತಾರೆ, ಹೆರಿಗೆ ಕೋಣೆಯಲ್ಲಿ ದಾದಿಯರೂ ಅದನ್ನೇ ಹೇಳುತ್ತಾರೆ.

“ನಿಂಗೆ ಆಗುತ್ತೆ ಹುಡುಗಿ. ನಿನ್ನ ಕಾಲು ಗಟ್ಟಿಯಾಗಿದೆ,” ಎಂದಳು ಹಿಲ್ಕಾ.

ಪಕ್ಕದ ಮಂಚದಲ್ಲಿದ್ದ ಅನ್ನಿಕ್ಕಿ ಕಿಸಕ್ಕೆಂದು ನಕ್ಕಳು. ಅವಳಿಗೆ ಎಂಬತ್ತೊಂದು. ಬೆನ್ನುಮೂಳೆ ಕುಸಿದು ಬಂದವಳು. ಮೈ ಏಳದಿದ್ದರೂ ಬಾಯಿಗೆ ಏನೂ ಆಗಿರಲಿಲ್ಲ. “ಈ ಹುಡುಗಿ ಬಿಡೋಳಲ್ಲ ಹಿಲ್ಕಾ. ಹೋದ ವಾರ ನನ್ನನ್ನ ಎಬ್ಬಿಸಿ ಕಿಟಕಿ ತನಕ ಕರ್ಕೊಂಡು ಹೋದ್ಲು. ಅಲ್ಲಿ ನೋಡೋಕೆ ಏನಿತ್ತು ಅಂತೀಯ? ಕಾರು ನಿಲ್ಲಿಸೋ ಜಾಗ.”

ಹಿಲ್ಕಾಗೆ ಎಪ್ಪತ್ಮೂರು. ಊರಿನ ಶಾಲೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸಿದವಳು. ಮದುವೆಯಾಗಿರಲಿಲ್ಲ. ಫೆಬ್ರವರಿಯ ಮೊದಲ ವಾರ ಅಂಗಡಿಯ ಮುಂದೆ, ಪುಡಿ ಹಿಮದ ಅಡಿಯಲ್ಲಿದ್ದ ಮಂಜುಗಡ್ಡೆಯ ಮೇಲೆ ಕಾಲಿಟ್ಟು ಜಾರಿದ್ದಳು. ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೂಳೆಯೊಳಗೆ ಉದ್ದದ ಮೊಳೆ ಹೊಡೆದು ಕೂಡಿಸಿ, ಎರಡು ವಾರಕ್ಕೆ ಇಲ್ಲಿಗೆ ಕಳಿಸಿದ್ದರು. ಪೂರ್ತಿ ಭಾರ ಹಾಕಿ ನಡೆಯಬಹುದು ಎಂದು ಕಾಗದದಲ್ಲಿ ಬರೆದಿತ್ತು. ಆರು ವಾರ ತುಂಬಿದ ಮೇಲೆ, ಮಾರ್ಚ್ ಹದಿನೆಂಟಕ್ಕೆ ಎಕ್ಸ್‌ರೇ.

ಅದಕ್ಕೂ ಮೊದಲು, ಹದಿನಾಲ್ಕಕ್ಕೆ ಒಂದು ಸಭೆ ಇತ್ತು. ಡಾಕ್ಟರು, ವಾರ್ಡಿನ ಮುಖ್ಯಸ್ಥೆ, ಊರಾಡಳಿತದವರು ಸೇರಿ ಹಿಲ್ಕಾ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಸಭೆ. ಅವಳ ಮನೆ ಲಿಫ್ಟಿಲ್ಲದ ಹಳೇ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಹದಿನೆಂಟು ಮೆಟ್ಟಿಲು. ಅಷ್ಟನ್ನು ತಾನಾಗಿ ಹತ್ತಿ ತೋರಿಸಿದರೆ ಮನೆ. ಇಲ್ಲದಿದ್ದರೆ ಊರಾಚೆಯ ಆರೈಕೆ ಕೇಂದ್ರ. ಅಲ್ಲಿಗೆ ಹೋದವರು ಯಾರೂ ತಿರುಗಿ ಮನೆಗೆ ಬಂದದ್ದನ್ನು ತೈನಾ ಕಂಡಿರಲಿಲ್ಲ. ಹಿಲ್ಕಾಗೂ ಇದು ಗೊತ್ತಿತ್ತು.

ಹಿಂದಿನ ಶರತ್ಕಾಲದಲ್ಲಿ ತೈನಾ ಎರಡು ದಿನದ ಒಂದು ತರಬೇತಿಗೆ ಹೋಗಿದ್ದಳು. ರೋಗಿಯ ಮನಸ್ಸನ್ನು ಎಬ್ಬಿಸುವುದು ಹೇಗೆ ಎಂಬುದು ವಿಷಯ. ಅಪ್ಪಣೆ ಮಾಡಬೇಡಿ, ಕೇಳಿ; ಮನುಷ್ಯ ಇನ್ನೊಬ್ಬರು ಹೇಳಿದ್ದಕ್ಕೆ ಏಳುವುದಿಲ್ಲ, ತಾನೇ ಬಾಯಿಬಿಟ್ಟು ಹೇಳಿದ್ದಕ್ಕೆ ಏಳುತ್ತಾನೆ; ಒಲ್ಲೆ ಎನ್ನುವುದರ ಕೆಳಗೆ ಒಂದು ಬೇಕು ಇದ್ದೇ ಇರುತ್ತದೆ, ಅದನ್ನು ಹುಡುಕಿ. ಪಾಠ ಹೇಳಿದವನು ಚೆನ್ನಾಗಿ ಹೇಳಿದ್ದ. ತೈನಾ ಊರಿಗೆ ಬಂದು ಅದನ್ನು ಚಾಚೂ ತಪ್ಪದೆ ಮಾಡಿದಳು. ಹಾಸಿಗೆ ಬಿಡದ ಒಬ್ಬ ಮುದುಕನಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವ ಆಸೆಯಿದೆ ಎಂದು ತಿಳಿದು, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿ ಏಳಿಸಿದಳು. ಮೂರು ವಾರಕ್ಕೆ ಅವನು ಮನೆಗೆ ಹೋದ. ಜನವರಿಯಲ್ಲಿ ಒಂದು ಪರ್ಚ್ ಮೀನನ್ನು ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟ. ಆ ವಿದ್ಯೆ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಕತೆ ಇರುತ್ತಿರಲಿಲ್ಲ.

ಹಿಲ್ಕಾಳ ಬೇಕು ಸಿಗಲು ನಾಲ್ಕು ದಿನ ಹಿಡಿಯಿತು.

“ಮನೆಗೆ ಹೋದರೆ ಮೊದಲು ಏನು ಮಾಡ್ತೀರ?”

“ಬಾಗಿಲು ಹಾಕ್ಕೋತೀನಿ.”

“ಆಮೇಲೆ?”

“ನಿನ್ನ ಥರ ಪ್ರಶ್ನೆ ಕೇಳೋರು ಬಂದ್ರೆ ತೆಗೆಯಲ್ಲ.”

ತೈನಾ ಕಾಯುತ್ತಾ ಕೂತಳು. ಸುಮ್ಮನಿರುವುದೂ ತರಬೇತಿಯ ಭಾಗವೇ. ಹೊರಗೆ ಹಿಮ ತಳ್ಳುವ ಗಾಡಿ ಎರಡು ಸುತ್ತು ಹೋಗಿ ಬಂತು.

“ಶುಕ್ರವಾರ ನನ್ನ ಸೌನಾ,” ಎಂದಳು ಹಿಲ್ಕಾ ಕೊನೆಗೆ. ಕಟ್ಟಡದವರೆಲ್ಲ ಸರದಿಯ ಮೇಲೆ ಬಳಸುವ ಹಬೆಸ್ನಾನದ ಕೋಣೆ ಅದು. “ಆರು ಗಂಟೆ. ನೆಲಮಾಳಿಗೇಲಿ. ಮೂವತ್ನಾಲ್ಕು ವರ್ಷದಿಂದ ನಂದೇ ಸರದಿ. ಶುಕ್ರವಾರ ಆರು ಗಂಟೆ ಯಾರಿಗೂ ಸಿಗಲ್ಲ, ಗೊತ್ತಲ್ಲ. ಮೂರನೇ ನಂಬರ್ ಮನೆಯೋಳು ಒಂಬತ್ತು ವರ್ಷದಿಂದ ಕಾಯ್ತಾ ಇದ್ದಾಳೆ, ನಾನು ಸಾಯ್ಲಿ ಅಂತ. ಮೆಟ್ಟಿಲ ಹತ್ತಿರ ಸಿಕ್ಕಾಗೆಲ್ಲ ಆರೋಗ್ಯ ವಿಚಾರಿಸ್ತಾಳೆ.”

“ಈಗ ಆ ಸರದಿ?”

“ಖಾಲಿ. ಕಾಯ್ದಿರಿಸಿದಾರೆ, ಮಾರ್ಚ್ ಕೊನೇವರೆಗೆ. ಆಮೇಲೆ ಕೊಟ್ಬಿಡ್ತಾರೆ.”

ಅವಳ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ ಒಂದು ಬಿಗಿ ಬಂದಿತ್ತು. ತೈನಾ ಅದನ್ನು ಗುರುತಿಸಿದಳು. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಶುಕ್ರವಾರ, 6’ ಎಂದು ಬರೆದು ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದಳು. ಆ ದಿನ ಹಿಲ್ಕಾ ಎದ್ದು ನಿಂತಳು. ಮಾರನೇ ದಿನ ಬಾಗಿಲವರೆಗೆ ನಡೆದಳು. ಮೂರನೇ ದಿನ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು.

“ಆಗಲ್ಲ.”

“ಆಗುತ್ತೆ. ಆ ಕುರ್ಚಿ ತನಕ.”

“ಇಲ್ಲಿ ಒಳಗೆ ಏನೋ ಕೊರೀತಿದೆ,” ಎಂದು ತೊಡೆಸಂದಿಗೆ ಬೆರಳಿಟ್ಟಳು.

“ಆಪರೇಷನ್ ಆದ್ಮೇಲೆ ಎಲ್ಲರಿಗೂ ಹಾಗೇ ಅನ್ನಿಸುತ್ತೆ. ನೋವು ಎಷ್ಟು? ಸೊನ್ನೆಯಿಂದ ಹತ್ತರವರೆಗೆ.”

ಹಿಲ್ಕಾ ಸ್ವಲ್ಪ ಯೋಚಿಸಿದಳು. “ನಾಲ್ಕು.”

ಪುಸ್ತಕದಲ್ಲಿ ನಾಲ್ಕೆಂದರೆ ನಾಲ್ಕು. ಆದರೆ ಹೌಕಿನಿಯೆಮಿಯಲ್ಲಿ ಕೊಡಲಿ ಜಾರಿ ಪಾದ ಸೀಳಿಕೊಂಡವರು ತಾವೇ ಕಾರು ಓಡಿಸಿಕೊಂಡು ಬಂದು ಎರಡು ಎನ್ನುತ್ತಾರೆ. ತೈನಾಳ ಅಪ್ಪ ಹೃದಯಾಘಾತಕ್ಕೆ ಮೂರು ಎಂದಿದ್ದ. ಅವಳೂ ಅದೇ ಊರಿನವಳು. ನಾಲ್ಕು ಎಂದರೆ ಏನೆಂದು ಅವಳಿಗೆ ತಿಳಿಯಬೇಕಿತ್ತು. ಅವಳು ನಾಲ್ಕು ಎಂದೇ ಬರೆದುಕೊಂಡಳು. ಸಂಜೆ ಕಂಪ್ಯೂಟರಿನ ಮುಂದೆ ಕೂತು ದಿನದ ಟಿಪ್ಪಣಿ ತುಂಬಿಸಿದಳು. ‘ನೋವು ಮಧ್ಯಮ. ಆಗಲ್ಲ ಎನ್ನುತ್ತಾರೆ. ಹುಮ್ಮಸ್ಸು ಕಡಿಮೆ.’

ಆ ಊರಲ್ಲಿ ರೋಗಿಗಳು ತಮ್ಮ ಬಗ್ಗೆ ಬರೆದ ಟಿಪ್ಪಣಿಯನ್ನು ತಾವೇ ಓದಬಹುದು. ಬ್ಯಾಂಕಿಗೆ ಬಳಸುವ ಗುಟ್ಟಿನ ಅಂಕಿಯನ್ನೇ ಒತ್ತಿದರೆ ಫೋನಿನಲ್ಲಿ ಎಲ್ಲ ತೆರೆದುಕೊಳ್ಳುತ್ತದೆ. ಶನಿವಾರ, ಭಾನುವಾರ ತೈನಾಗೆ ರಜೆ. ಭಾನುವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಹಿಲ್ಕಾ ಕನ್ನಡಕ ಏರಿಸಿ ತನ್ನ ಬಗ್ಗೆ ಬರೆದದ್ದನ್ನು ಓದಿದಳು. ಎರಡು ಸಲ ಓದಿದಳು ಎಂದು ಅನ್ನಿಕ್ಕಿ ಆಮೇಲೆ ಹೇಳಿದಳು. ಓದಿ ಫೋನನ್ನು ದಿಂಬಿನ ಕೆಳಗಿಟ್ಟು, ದಾಲ್ಚಿನ್ನಿ ಬನ್ನನ್ನು ಪೂರ್ತಿ ತಿಂದು, ಕೈ ಒರೆಸಿಕೊಂಡು, “ಸರಿ ಹಾಗಾದ್ರೆ,” ಎಂದಳಂತೆ.

ಸೋಮವಾರ ತೈನಾ ಬರುವ ಹೊತ್ತಿಗೆ ಹಿಲ್ಕಾ ಶೂ ಹಾಕಿಕೊಂಡು ಮಂಚದ ಅಂಚಿಗೆ ಕೂತಿದ್ದಳು.

“ತಡ ಮಾಡಿದೆಯಲ್ಲ,” ಎಂದಳು.

“ಏನಿವತ್ತು? ನೋವು ಎಷ್ಟಿದೆ?”

“ಎರಡು.”

ಅವತ್ತು ಕುರ್ಚಿಯವರೆಗೆ ನಡೆದಳು. ಬುಧವಾರ ಕಾರಿಡಾರಿನ ಕೊನೆಯವರೆಗೆ. ಶುಕ್ರವಾರ ಹೋಗಿ, ತಿರುಗಿ, ಮತ್ತೆ ಹೋದಳು. ಆಗಲ್ಲ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ನೋವು ಯಾವಾಗ ಕೇಳಿದರೂ ಎರಡು. ಒಮ್ಮೆ ತೈನಾ, “ಒಂದು ದಿನವಾದ್ರೂ ಒಂದೂವರೆ ಅನ್ನಿ,” ಎಂದು ತಮಾಷೆ ಮಾಡಿದಳು. “ಎರಡು ಅಂದ್ರೆ ನಿಂಗೇನು ಕಷ್ಟ?” ಎಂದಳು ಹಿಲ್ಕಾ.

ಮಂಗಳವಾರ ವಾರ್ಡಿನ ಸಿಬ್ಬಂದಿ ಸಭೆಯಲ್ಲಿ ವಾರ್ಡಿನ ಮುಖ್ಯಸ್ಥೆ ಮರ್ಯುತ್ ಎಲ್ಲರೆದುರು, “ತೈನಾ ಕೈಗೆ ಕೊಟ್ಟರೆ ಕಲ್ಲೂ ನಡೆಯುತ್ತೆ,” ಎಂದಳು. ಹೇಗೆ ಮಾಡಿದೆ ಎಂದು ಹೊಸದಾಗಿ ಸೇರಿದವರಿಗೆ ವಿವರಿಸಲು ಹೇಳಿದಳು. ತೈನಾ ಹೇಳಿದಳು. ಹೇಳುವಾಗ ಅವಳ ಕೆನ್ನೆ ಬಿಸಿಯಾಗಿತ್ತು. ತಾನು ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ಇಷ್ಟು ಚೊಕ್ಕವಾಗಿ ಯಾವುದೂ ಕೂಡಿ ಬಂದಿರಲಿಲ್ಲ ಎಂದು ಅನ್ನಿಸಿತು. ಆ ವಾರದ ಟಿಪ್ಪಣಿ: ‘ಹುಮ್ಮಸ್ಸು ಉತ್ತಮ.’

ಅವಳಿಗೆ ಏನೂ ಕಂಡಿರಲಿಲ್ಲ ಎನ್ನುವಂತಿಲ್ಲ. ನಡೆಯುವಾಗ ಹಿಲ್ಕಾಳ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಲ್ಲುತ್ತಿತ್ತು. ತೈನಾ ಅದನ್ನು ಪ್ರಯತ್ನ ಎಂದುಕೊಂಡಳು. ಬಲಗಾಲ ಪಾದ ದಿನದಿಂದ ದಿನಕ್ಕೆ ಹೊರಗೆ ತಿರುಗುತ್ತಿತ್ತು. “ಪಾದ ನೇರ ಇಡಿ,” ಎಂದು ಹೇಳಿದಳು. ಹಿಲ್ಕಾ ನೇರ ಇಡುತ್ತಿದ್ದಳು. ಎರಡು ಹೆಜ್ಜೆಗೆ ಅದು ಮತ್ತೆ ಹೊರಳುತ್ತಿತ್ತು. ಅದನ್ನು ಅಭ್ಯಾಸ ಎಂದುಕೊಂಡಳು. ಮೆಟ್ಟಿಲು ಹತ್ತುವಾಗ ಹಿಲ್ಕಾ ಗೋಡೆಯ ಕಡೆಗೇ ಮುಖ ಮಾಡುತ್ತಿದ್ದಳು. ತೈನಾ ಕೇಳಿದ್ದಕ್ಕೆ, “ನಿನ್ನ ಮುಖ ನೋಡಿದ್ರೆ ನಗು ಬರುತ್ತೆ, ಉಸಿರು ಹೋಗುತ್ತೆ,” ಎಂದಳು. ತೈನಾ ನಕ್ಕಳು. ವೈದ್ಯ ವೆಸಲಾ ವಾರಕ್ಕೆರಡು ಸಲ ಬಂದು ಹಾಳೆ ನೋಡುತ್ತಿದ್ದ. ಎರಡು, ಎರಡು, ಎರಡು ಎಂದಿದ್ದ ಹಾಳೆಯಲ್ಲಿ ನಿಂತು ನೋಡುವಂಥದ್ದು ಅವನಿಗೆ ಏನೂ ಕಾಣಲಿಲ್ಲ.

ಒಂದು ಗುರುವಾರ ಬಟಾಣಿ ಸೂಪು ಬಂದಿತ್ತು. ಹಿಲ್ಕಾ ಚಮಚದಲ್ಲಿ ಎತ್ತಿ ನೋಡಿ, “ಇದು ಸೂಪಲ್ಲ, ಪಾತ್ರೆ ತೊಳೆದ ನೀರು,” ಎಂದು ಕೆಳಗಿಟ್ಟಳು. ಸಾಸಿವೆಯನ್ನು ಯಾವಾಗ ಹಾಕಬೇಕು, ಹಂದಿಮಾಂಸವನ್ನು ಮೂಳೆಯ ಸಮೇತ ಎಷ್ಟು ಹೊತ್ತು ಕುದಿಸಬೇಕು ಎಂದು ಅನ್ನಿಕ್ಕಿಗೆ ವಿವರಿಸಿದಳು. ಮಾತಾಡುತ್ತಲೇ ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಹಾಸಿಗೆಯ ಮೇಲಿಟ್ಟುಕೊಂಡಳು. ಎತ್ತಿಟ್ಟ ಕೈಗಳನ್ನು ತೈನಾ ನೋಡಿದಳು. ಕಾಲು ತಾನಾಗಿ ಮೇಲೆ ಬರುತ್ತಿಲ್ಲ ಎಂಬುದು ಅವಳ ತಲೆಯ ಬಾಗಿಲವರೆಗೆ ಬಂತು. ಅಷ್ಟರಲ್ಲಿ ಹಿಲ್ಕಾ, “ಮನೆಗೆ ಹೋದ್ಮೇಲೆ ಶುಕ್ರವಾರ ಆರಕ್ಕೆ ಬಾ, ಸೌನಾ ಆದ್ಮೇಲೆ ನಿಂಗೆ ಸರಿಯಾದ ಸೂಪು ಮಾಡಿ ಹಾಕ್ತೀನಿ,” ಎಂದಳು. ಅದು ಬಾಗಿಲಿಂದಲೇ ವಾಪಸು ಹೋಯಿತು.

ಮಾರ್ಚ್ ಹದಿನಾಲ್ಕು ಬಂತು. ವಾರ್ಡಿನ ಹಿಂದಿನ ಮೆಟ್ಟಿಲಲ್ಲಿ ಪರೀಕ್ಷೆ. ಮೇಲೆ ವೆಸಲಾ, ಮರ್ಯುತ್, ಊರಾಡಳಿತದಿಂದ ಬಂದ ಕಪ್ಪು ಕೋಟಿನ ಹೆಂಗಸು ನಿಂತಿದ್ದರು. ತೈನಾ ಹಿಲ್ಕಾಳ ಹಿಂದೆ, ಒಂದು ಮೆಟ್ಟಿಲು ಕೆಳಗೆ.

ಒಳ್ಳೆಯ ಕಾಲು ಮೊದಲು, ಆಮೇಲೆ ಕೆಟ್ಟ ಕಾಲು. ಒಂದು ಕೈ ಕಂಬಿಯ ಮೇಲೆ, ಒಂದರಲ್ಲಿ ಊರುಗೋಲು. ಹಿಲ್ಕಾ ಎಣಿಸಲಿಲ್ಲ, ತೈನಾ ಎಣಿಸಿದಳು. ಆರನೆಯದರಲ್ಲಿ ನಿಂತಳು. “ಆಗುತ್ತೆ, ಆಗುತ್ತೆ,” ಎಂದಳು ತೈನಾ ಮೆಲ್ಲಗೆ. ಹನ್ನೊಂದರಲ್ಲಿ ಮತ್ತೆ ನಿಂತಳು. ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಹದಿನೆಂಟನೆಯದನ್ನು ಹತ್ತಿ ಹಿಲ್ಕಾ ನೆಟ್ಟಗೆ ನಿಂತು ಕಪ್ಪು ಕೋಟಿನವಳನ್ನು ನೋಡಿ, “ನಿಮ್ಮ ಆರೈಕೆ ಕೇಂದ್ರದಲ್ಲಿ ಲಿಫ್ಟಿದೆಯಂತೆ. ನಿಮಗೇ ಇರಲಿ,” ಎಂದಳು.

ಅವರು ನಕ್ಕರು. ಚಪ್ಪಾಳೆ ತಟ್ಟಿದರು. ನೋವು ಎಷ್ಟು ಎಂದು ವೆಸಲಾ ಕೇಳಿದ. ಎರಡು. ಮುಂದಿನ ಗುರುವಾರ ಮನೆಗೆ ಹೋಗಬಹುದು ಎಂದು ಅಲ್ಲೇ ಹೇಳಿದರು. ಕಾಗದದ ಕೆಲಸ ಮುಗಿಸಲು ಮೂವರೂ ಒಳಗೆ ಹೋದರು.

ಇಬ್ಬರೂ ಇಳಿಯತೊಡಗಿದರು. ಇಳಿಯುವಾಗ ಕೆಟ್ಟ ಕಾಲು ಮೊದಲು. ತೈನಾ ಈಗ ಎದುರಿಗಿದ್ದಳು, ಹಿಮ್ಮುಖವಾಗಿ ಇಳಿಯುತ್ತ. ಅದಕ್ಕೇ ಅವಳಿಗೆ ಹಿಲ್ಕಾಳ ಮುಖ ಮೊದಲ ಸಲ ಪೂರ್ತಿ ಕಂಡದ್ದು. ಮೂರನೇ ಮೆಟ್ಟಿಲಿಗೆ ಹಿಲ್ಕಾ ನಿಂತಳು. ಕಂಬಿಯನ್ನು ತಬ್ಬಿಕೊಂಡು ನಿಧಾನವಾಗಿ ಕೂತಳು.

“ಹುಡುಗಿ,” ಎಂದಳು. “ನನ್ನ ಕೈಲಿ ಆಗಲ್ಲ.”

ತೈನಾಳ ಬಾಯಿಂದ ಮಾತು ತಾನಾಗಿ ಬಂತು. “ಆಗುತ್ತೆ, ಆಗುತ್ತೆ. ಇನ್ನು ಹದಿನೈದೇ.”

ಹಿಲ್ಕಾ ಅವಳ ಮುಖ ನೋಡಿದಳು. ಬೈಯಲಿಲ್ಲ. ಊರುಗೋಲನ್ನು ಮತ್ತೆ ಕೈಗೆ ತೆಗೆದುಕೊಂಡು, ಎದ್ದು ನಿಂತು, ಬಲಗಾಲನ್ನು ನಾಲ್ಕನೇ ಮೆಟ್ಟಿಲಿಗೆ ಇಟ್ಟಳು. ಕಾಲು ಭಾರ ಹೊರಲಿಲ್ಲ. ತೈನಾ ಅವಳನ್ನು ಎದೆಗೆ ತಡೆದು ಹಿಡಿದದ್ದರಿಂದ ತಲೆಗೆ ಏಟಾಗಲಿಲ್ಲ. ಹಿಲ್ಕಾ ಕೂಗಲಿಲ್ಲ. ತೈನಾಳ ಭುಜದ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಜನ ಬರುವವರೆಗೂ ಬಿಡಲಿಲ್ಲ.

ಎಕ್ಸ್‌ರೇಯನ್ನು ವೆಸಲಾ ತೆರೆಯ ಮೇಲೆ ತೋರಿಸಿದ. ತೈನಾಗೆ ವಿವರಿಸಬೇಕಾಗಿರಲಿಲ್ಲ. ಮೊಳೆಯ ಮೇಲ್ತುದಿ ತೊಡೆಮೂಳೆಯ ತಲೆಯ ಗುಂಡನ್ನು ಕೊರೆದುಕೊಂಡು ಹೊರಬಂದು, ಗುಂಡು ಕೂರುವ ಸೊಂಟದ ಬಟ್ಟಲನ್ನು ತಿಂದಿತ್ತು.

“ಇದು ಇವತ್ತು ಆಗಿದ್ದಲ್ಲ,” ಎಂದ ವೆಸಲಾ. “ಎರಡು ವಾರದ ಮೇಲಾಗಿದೆ. ಪ್ರತಿ ಹೆಜ್ಜೆಗೂ ಕಬ್ಬಿಣ ಮೂಳೆ ಉಜ್ಜಿದೆ. ಇದರ ಮೇಲೆ ಹದಿನೆಂಟು ಮೆಟ್ಟಿಲು ಹೇಗೆ ಹತ್ತಿದ್ರು?”

“ಮನಸ್ಸಿತ್ತು,” ಎಂದಳು ತೈನಾ. ತನ್ನ ದನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

ಮೊದಲ ವಾರದಲ್ಲೇ ಕಂಡಿದ್ದರೆ ಕೀಲು ಬದಲಿಸಿ ನಡೆಸಬಹುದಿತ್ತು. ಈಗ ಬಟ್ಟಲೇ ಇರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೆರೆದು ನೋಡಿದರು. ಹೃದಯ ಉದ್ದದ ಆಪರೇಷನ್ ತಡೆಯುವುದಿಲ್ಲ ಎಂದು ಕಬ್ಬಿಣವನ್ನು ತೆಗೆದು, ಮೂಳೆಯನ್ನು ಹಾಗೇ ಬಿಟ್ಟು ಹೊಲಿದರು. ಹಿಲ್ಕಾ ಮಾರ್ಚ್ ಕೊನೆಗೆ ವಾರ್ಡಿಗೆ ವಾಪಸು ಬಂದಳು. ಬಲಗಾಲು ನಾಲ್ಕು ಬೆರಳು ಗಿಡ್ಡವಾಗಿತ್ತು. ಹಾಸಿಗೆಯಿಂದ ಕುರ್ಚಿಗೆ ಅವಳನ್ನು ಜೋಲಿಯಲ್ಲಿ ಎತ್ತಿ ಇಳಿಸಬೇಕಿತ್ತು. ಇನ್ನು ಮುಂದೆಯೂ ಹಾಗೆಯೇ.

ಅವಳು ಇಲ್ಲದ ಆ ಎರಡು ವಾರದಲ್ಲಿ ಒಂದು ದಿನ ಅನ್ನಿಕ್ಕಿ ತೈನಾಳ ತೋಳು ಹಿಡಿದು ಕೂರಿಸಿದಳು.

“ನಿಂಗೆ ಹೇಳಬೇಡ ಅಂದಿದ್ಲು. ಈಗ ಹೇಳಿದ್ರೆ ಏನು ಹೋಗುತ್ತೆ? ನೀನು ಹೋದ ಮೇಲೆ ಟವೆಲ್ ಬಾಯಿಗೆ ತುರುಕ್ಕೊಂಡು ಮಲಗ್ತಿದ್ಲು. ದಾದಿಗೆ ಹೇಳು ಅಂದೆ. ‘ಹೇಳಿದ್ರೆ ಹುಡುಗಿ ಬರೀತಾಳೆ, ಬರೆದ್ರೆ ಅಲ್ಲಿಗೆ ಕಳಿಸ್ತಾರೆ’ ಅಂದ್ಲು.”

“ನೀವಾದ್ರೂ ನನಗೆ ಹೇಳಬಹುದಿತ್ತಲ್ಲ, ಅನ್ನಿಕ್ಕಿ.”

“ಅವಳು ಹತ್ತೇ ಹತ್ತುತ್ತಾಳೆ ಅಂತ ನಾನೂ ಅಂದ್ಕೊಂಡೆ.” ಮುದುಕಿ ತೈನಾಳ ತೋಳು ಬಿಟ್ಟಳು. “ಹತ್ತಿದ್ಲಲ್ಲ.”

ಇಂಥದ್ದು ನಡೆದಾಗ ಒಂದು ವರದಿ ಬರೆಯಬೇಕು. ಮರ್ಯುತ್ ಅದನ್ನು ಬರೆದಿಟ್ಟು ತೈನಾಳನ್ನು ಕರೆದಳು. ಕಾರಣ ಎಂಬಲ್ಲಿ, ‘ರೋಗಿ ನೋವನ್ನು ಮುಚ್ಚಿಟ್ಟರು’ ಎಂದಿತ್ತು.

“ಇದು ಸುಳ್ಳಲ್ಲವಲ್ಲ?” ಎಂದಳು ಮರ್ಯುತ್. ಕೆಟ್ಟವಳಲ್ಲ ಅವಳು. ತೈನಾಳ ಮುಂದೆ ಕಾಫಿ ಇಟ್ಟಿದ್ದಳು.

“ಅಲ್ಲ. ಆದ್ರೆ ಅದು ಎರಡನೇ ಸಾಲಾಗಬೇಕು. ಮೊದಲ ವಾರ ನೋವು ಹೇಳಿದ್ರು. ಕೊರೀತಿದೆ ಅಂದ್ರು. ನಾನು ಹುಮ್ಮಸ್ಸು ಕಡಿಮೆ ಅಂತ ಬರೆದೆ. ಅದನ್ನ ಓದಿ ಆಮೇಲೆ ಮುಚ್ಚಿಟ್ರು.”

“ಹಾಗೆ ಬರೆದ್ರೆ ನಿನ್ನ ಮೇಲೆ ಬರುತ್ತೆ.”

“ಹೌದು.”

ಮರ್ಯುತ್ ಕೀಲಿಮಣೆಯನ್ನು ಅವಳ ಕಡೆ ತಳ್ಳಿದಳು. ತೈನಾ ಬರೆದಳು. ಬರೆದ ಮೇಲೆ ಹಗುರವಾಗಲಿಲ್ಲ. ವರದಿಗೆ ಒಂದು ಸಂಖ್ಯೆ ಬಂತು, ಅಷ್ಟೆ.

ಹಿಲ್ಕಾಗೂ ಹೇಳಬೇಕಿತ್ತು. ತೈನಾ ಎರಡು ದಿನ ಮುಂದೂಡಿದಳು. ಮೂರನೇ ದಿನ ಊಟದ ಹೊತ್ತಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು. ಗೋಡೆಯ ಹಾಳೆಯನ್ನು ಯಾರೋ ತೆಗೆದಿದ್ದರು. ತಟ್ಟೆಯಲ್ಲಿ ಆಲೂಗಡ್ಡೆಯೂ ಮೀನೂ ಮುಟ್ಟದೆ ತಣ್ಣಗಾಗಿದ್ದವು.

“ನೀವು ಆಗಲ್ಲ ಅಂದಾಗ ನಾನು ಬೇಡ ಅಂತ ಕೇಳಿಸ್ಕೊಂಡೆ,” ಎಂದಳು. ಎಷ್ಟೋ ಮಾತು ಹೊಂದಿಸಿಕೊಂಡು ಬಂದಿದ್ದಳು. ಹೊರಬಂದದ್ದು ಇಷ್ಟೇ.

ಹಿಲ್ಕಾ ಬಹಳ ಹೊತ್ತು ಅವಳನ್ನು ನೋಡಿದಳು. ಮುಖ ಇಳಿದುಹೋಗಿತ್ತು, ಕಣ್ಣು ಮಾತ್ರ ಅಡುಗೆಮನೆಯ ಯಜಮಾನಿಯ ಕಣ್ಣಾಗಿಯೇ ಉಳಿದಿತ್ತು.

“ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸ್ತಿದ್ದೆ ನಾನು,” ಎಂದಳು. “ಲಿವರ್ ಮಾಡಿದ ದಿನ ಅರ್ಧ ತಟ್ಟೆ ಹಾಗೇ ವಾಪಸ್ ಬರೋದು. ಎಲ್ಲವೂ ಒಂದೇ ರಾಗ, ಆಗಲ್ಲ, ಆಗಲ್ಲ. ಯಾವ ಮಗುಗೆ ಇಷ್ಟ ಇಲ್ಲ, ಯಾವುದಕ್ಕೆ ಹೊಟ್ಟೆ ನೋವು ಅಂತ ಹೆಂಗೆ ಗೊತ್ತಾಗ್ತಿತ್ತು ಅಂತೀಯ?”

ತೈನಾ ಸುಮ್ಮನಿದ್ದಳು. ಈ ಸಲ ಅದು ತರಬೇತಿಯ ಮೌನವಾಗಿರಲಿಲ್ಲ.

“ಇಷ್ಟ ಇಲ್ಲದ್ದು ತಟ್ಟೇನ ದೂರ ತಳ್ಳುತ್ತೆ. ಹೊಟ್ಟೆ ನೋವಿರೋದು ತಟ್ಟೇನ ಮುಂದೆ ಇಟ್ಕೊಂಡು ನೋಡ್ತಾ ಕೂರುತ್ತೆ. ಪುಸ್ತಕ ಓದಿ ಕಲಿತಿದ್ದಲ್ಲ. ನೋಡ್ತಿದ್ದೆ, ಅಷ್ಟೆ. ನಾನು ನಿನ್ನ ಮುಂದೆ ವಾಕರ್ ಹಿಡ್ಕೊಂಡೇ ನಿಂತಿದ್ದೆ ಹುಡುಗಿ. ದೂರ ತಳ್ಳಲಿಲ್ಲ.”

“ಹೌದು.”

“ಸುಳ್ಳು ಹೇಳಿದ್ದು ನಾನೇ. ಅದು ನನ್ನ ಪಾಲು. ನಿನ್ನ ಪಾಲು ನೀನಿಟ್ಕೋ.” ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. “ಇನ್ಮೇಲೆ ಬೇರೆಯವರನ್ನ ಕಳಿಸು.”

ತೈನಾ ಬೇರೆಯವರನ್ನು ಕಳಿಸಿದಳು. ತಾನು ಬೇರೆ ಕೋಣೆಗಳಿಗೆ ಹೋದಳು. ಎದ್ದು ನಿಂತವರ ಮುಂದೆ ಹಿಂದಿನಂತೆ ಮಾತು ಹೊರಡುತ್ತಿರಲಿಲ್ಲ. ಮೊಣಕಾಲಿನ ಆಪರೇಷನ್ ಆಗಿದ್ದ ಒಬ್ಬ ಗಂಡಸು, “ಏನಾದ್ರೂ ಹೇಳಮ್ಮ, ಹುರಿದುಂಬಿಸು,” ಎಂದು ಕೇಳಿದ. “ನೋಡ್ತಾ ಇದೀನಿ,” ಎಂದಳು. ಅವನಿಗೆ ಅದು ಸಾಲಲಿಲ್ಲ. ಬೇಸರದಿಂದ ಎರಡು ಹೆಜ್ಜೆ ಕಡಿಮೆ ನಡೆದ. ಅವನ ಕಾಲಲ್ಲಿ ಯಾವ ದೋಷವೂ ಇರಲಿಲ್ಲ, ಹುರಿದುಂಬಿಸಿದ್ದರೆ ನಡೆಯುತ್ತಿದ್ದ. ಅದೂ ಅವಳಿಗೆ ಗೊತ್ತಿತ್ತು.

ಏಪ್ರಿಲ್ ನಡುವಿನಲ್ಲಿ ಆರೈಕೆ ಕೇಂದ್ರದಲ್ಲಿ ಒಂದು ಕೋಣೆ ಖಾಲಿಯಾಯಿತು. ಹೋಗುವ ದಿನ ಬೆಳಗ್ಗೆ ಜನ ಕಡಿಮೆ ಇದ್ದದ್ದರಿಂದ ಗಾಲಿಕುರ್ಚಿ ತಳ್ಳುವ ಕೆಲಸ ತೈನಾಗೇ ಬಂತು. ಹಿಲ್ಕಾ ಬೇಡ ಎನ್ನಲಿಲ್ಲ. ಒಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಹೊರಗೆ ಹಿಮ ಕರಗಿ, ಚಳಿಗಾಲದಲ್ಲಿ ಜಾರದಿರಲೆಂದು ರಸ್ತೆಗೆ ಚೆಲ್ಲಿದ್ದ ಜಲ್ಲಿಪುಡಿ ಮೇಲೆದ್ದಿತ್ತು. ಸರೋವರದ ಮಂಜುಗಡ್ಡೆ ಕಪ್ಪಾಗಿತ್ತು. ಇಳಿಜಾರು ಹಲಗೆಯಿದ್ದ ಟ್ಯಾಕ್ಸಿ ಬಾಗಿಲಿಗೆ ಬಂದು ನಿಂತಿತ್ತು. ಚಾಲಕ ಕುರ್ಚಿಯ ಗಾಲಿಗಳನ್ನು ನೆಲದ ಕೊಂಡಿಗಳಿಗೆ ಬಿಗಿದ. ಎಳೆದು ನೋಡಿ ಇನ್ನೊಂದು ಸಲ ಬಿಗಿದ.

“ಯಾವ ದಾರೀಲಿ ಹೋಗೋಣ?” ಎಂದು ಕೇಳಿದ. “ದಂಡೆ ರಸ್ತೆ ತೆರೆದಿದ್ದಾರೆ. ಹತ್ತು ನಿಮಿಷ ಹೆಚ್ಚು, ಆದ್ರೆ ನೋಡೋಕೆ ಚೆನ್ನಾಗಿರುತ್ತೆ.”

ದಂಡೆ ರಸ್ತೆಯಲ್ಲಿ ಹೋದರೆ ಹಿಲ್ಕಾಳ ಕಟ್ಟಡ ಸಿಗುತ್ತದೆ. ರಸ್ತೆಗೆ ಮುಖ ಮಾಡಿದ ಅವಳ ಅಡುಗೆಮನೆಯ ಕಿಟಕಿಯೂ ಕಾಣುತ್ತದೆ. ಮನೆಯನ್ನು ಇನ್ನೂ ಖಾಲಿ ಮಾಡಿರಲಿಲ್ಲ. ತೈನಾ ಹಿಲ್ಕಾಳ ಕೈಗಳನ್ನು ನೋಡಿದಳು. ಎರಡೂ ಚೀಲದ ಹಿಡಿಯ ಮೇಲೆ ಅಲುಗದೆ ಇದ್ದವು.

“ಹೆದ್ದಾರೀಲಿ ಹೋಗಪ್ಪ,” ಎಂದಳು ಹಿಲ್ಕಾ.

ಚಾಲಕ ಬಾಗಿಲು ಹಾಕಿದ. ಟ್ಯಾಕ್ಸಿ ಆಸ್ಪತ್ರೆಯ ಗೇಟು ದಾಟಿ ಎಡಕ್ಕೆ, ಹೆದ್ದಾರಿಯ ಕಡೆಗೆ ತಿರುಗಿತು. ತೈನಾ ಖಾಲಿ ಕೈಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋದಳು. ಮೂರನೇ ಕೋಣೆಗೆ ಹೊಸಬರೊಬ್ಬರು ಬಂದಿದ್ದರು, ಒಂಬತ್ತೂವರೆಗೆ ಅವರನ್ನು ಎಬ್ಬಿಸಬೇಕಿತ್ತು.